ಸೈಡ್ ಕೊಡುವ ಕೈ

ನಮ್ಮ ಜೀಪಿನ ಬಾನೆಟ್ಟಿನ ಮೇಲೆ ಕೋಳಿ ಮಲಗಲು ಶುರುಮಾಡಿ ವರ್ಷ ದಾಟಿತ್ತು. ಓಡಿಸುವವರು ಮನೆಯಲ್ಲಿ ಇಲ್ಲ ಎಂದಲ್ಲ. ನನ್ನ ಗಂಡ ತೀರ್ಥಪ್ರಸಾದ್ ಪೊನ್ನಂಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಕಾಫಿ, ಕರಿಮೆಣಸು ಸಾಗಿಸುತ್ತಿದ್ದ ಲಾರಿ ಡ್ರೈವರು. ಅರ್ಧ ಆಯುಷ್ಯ ಆ ತಿರುವುಗಳಲ್ಲೇ ಕಳೆದವರು. ಅಂಥವರು ಈಗ ಮನೆಯ ಜೀಪಿನ ಕೀಯನ್ನೂ ಮುಟ್ಟುತ್ತಿರಲಿಲ್ಲ. ಕೋಳಿಯನ್ನು ಅಟ್ಟಿ ಅಟ್ಟಿ ನನಗೂ ಸಾಕಾಗಿ, ಮೊಟ್ಟೆಯಾದರೂ ಇಡಲಿ ಎಂದು ಬಿಟ್ಟುಬಿಟ್ಟಿದ್ದೆ.

ಕಾರಣ ಊರಿಗೆಲ್ಲ ಗೊತ್ತು. ಇವರೇ ಊರಿಗೆಲ್ಲ ಹೇಳಿದ್ದಾರೆ. ಘಾಟಿಯಲ್ಲಿ ಒಂದು ಪದ್ಧತಿ ಇದೆ. ಲಾರಿಯ ಹಿಂದೆ ಸಿಕ್ಕಿಕೊಂಡ ಸಣ್ಣ ಗಾಡಿಯವನಿಗೆ ಮುಂದಿನ ರಸ್ತೆ ಕಾಣುವುದಿಲ್ಲ, ಎತ್ತರದಲ್ಲಿ ಕೂತ ಲಾರಿಯವನಿಗೆ ಕಾಣುತ್ತದೆ. ರಸ್ತೆ ಖಾಲಿ ಇದ್ದರೆ ಲಾರಿಯವನು ಬಲಗೈ ಹೊರಗೆ ಚಾಚಿ, ಹೋಗು ಎಂದು ಬೀಸುತ್ತಾನೆ. ಹಿಂದಿನವನು ಆ ಕೈಯನ್ನು ನಂಬಿ ದಾಟುತ್ತಾನೆ, ದಾಟಿದ ಮೇಲೆ ತಾನೂ ಒಮ್ಮೆ ಕೈ ಎತ್ತಿ ತೋರಿಸಿ ಹೋಗುತ್ತಾನೆ. ಇವರ ಕೈ ಅಂಥ ನಂಬಿಕೆಯ ಕೈ. ಮಾಕುಟ್ಟದ ಚೆಕ್‌ಪೋಸ್ಟಿನ ಹತ್ತಿರ ಚಹಾ ಮಾರುವವರು ಇವರನ್ನು ಸೈಡ್ ತೀರ್ಥಣ್ಣ ಎಂದೇ ಕರೆಯುತ್ತಿದ್ದರು.

ಆ ದಿನ ಹಿಂದೆ ಬೈಕಿನಲ್ಲಿದ್ದವನು ನಿರಂಜನ್ ಎಂಬ ಹುಡುಗ, ಶನಿವಾರಸಂತೆ ಕಡೆಯವನು. ಇವರು ಕೈ ಬೀಸಿದರು, ಅವನು ದಾಟಲು ಬಂದ. ಬಿದಿರ ಮೆಳೆಯ ಮರೆಯಲ್ಲಿ ಒಂದು ಕಾರು ಹತ್ತಿ ಬರುತ್ತಿದ್ದದ್ದು ಇವರಿಗೆ ಕಂಡಿರಲಿಲ್ಲ. ಹುಡುಗ ಅಲ್ಲೇ ತೀರಿಹೋದ.

ಬೈಕಿನವನು ತಿರುವಿನಲ್ಲಿ ದಾಟಲು ಹೋದದ್ದೇ ತಪ್ಪು ಎಂದು ಎಲ್ಲರೂ ಹೇಳಿದರು. ಇವರು ಒಪ್ಪಲಿಲ್ಲ. ಹುಡುಗನ ಮನೆಗೇ ಹೋಗಿ, ನಾನು ಕೈ ಬೀಸಿದೆ, ಅದಕ್ಕೇ ಅವನು ಬಂದ ಎಂದು ಹೇಳಿದರು. ಜೊತೆಯಲ್ಲಿ ನಾನೂ ಇದ್ದೆ. ಹುಡುಗನ ತಂದೆ ಶಿವಶಂಕರಪ್ಪ ನಮ್ಮನ್ನು ಜಗಲಿಯ ಮೇಲೆ ಕೂರಿಸಿ, "ಹಣೆಬರಹಕ್ಕೆ ಹೊಣೆ ಯಾರು? ದೂರದಿಂದ ಬಂದಿದೀರಿ, ಒಂದ್ ತುತ್ತು ಉಂಡ್ಕಂಡ್ ಹೋಗಿ" ಎಂದರು. ಬೈದು ಅಟ್ಟಿದ್ದರೆ ಇವರು ಸುಧಾರಿಸಿಕೊಳ್ಳುತ್ತಿದ್ದರೋ ಏನೋ. ಆ ಅನ್ನ ಇವರ ಗಂಟಲಿನಿಂದ ಇನ್ನೂ ಕೆಳಗೆ ಇಳಿದಿಲ್ಲ.

ಲಾರಿ ಬಿಟ್ಟರು. ಜೀಪು ಬಿಟ್ಟರು. ಬಸ್ಸಿನಲ್ಲಿ ಕೂತರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತೋಟದ ಕೆಲಸ ನೋಡಿಕೊಂಡು ಮನೆಯಲ್ಲೇ ಉಳಿದರು. ನನಗೆ ಮೊದಮೊದಲು ಕನಿಕರ ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಅಡುಗೆ ಮಾಡುವುದು ಸುಲಭದ ಕೆಲಸವಲ್ಲ.

ಅಷ್ಟರಲ್ಲಿ ಮಡಿಕೇರಿಯಲ್ಲಿರುವ ಮಗಳು ಲಿಖಿತಾ ಬಸುರಿ ಎಂಬ ಸುದ್ದಿ ಬಂತು. ಮೊದಲ ಹೆರಿಗೆ, ತವರಿಗೆ ಕರೆತರಲೇಬೇಕು. ಅವಳೋ ಅಪ್ಪನ ಮಗಳು. "ಅಪ್ಪ ಜೀಪ್ ತಕ್ಕೊಂಡ್ ಬಂದ್ರೆ ಬರ್ತೇನೆ, ಇಲ್ಲಾಂದ್ರೆ ಇಲ್ಲೇ ಇರ್ತೇನೆ" ಎಂದು ಫೋನಿನಲ್ಲಿ ಹೇಳಿಬಿಟ್ಟಳು. ಹಟವಲ್ಲ ಅದು. ಅಪ್ಪನನ್ನು ಹೇಗಾದರೂ ರಸ್ತೆಗೆ ಇಳಿಸಬೇಕು ಎಂಬುದು ಅವಳ ಆಸೆ. ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿದ ಮೇಲೆ ಕರೆತರುವುದು ಎಂದಾಯಿತು. ಅಷ್ಟರೊಳಗೆ ಇವರ ಕೈ ಸ್ಟಿಯರಿಂಗ್ ಹಿಡಿಯಬೇಕಿತ್ತು.

ದಾರಿ ತೋರಿಸಿದವನು ನನ್ನ ಅಣ್ಣನ ಮಗ ಅಶ್ವಥ್. ಪೊನ್ನಂಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಂದು ದಿನ ಅವನು ಸ್ಟಿಯರಿಂಗ್, ಪೆಡಲ್, ದೊಡ್ಡ ಪರದೆ ಎಲ್ಲವನ್ನೂ ತಂದು ನಮ್ಮ ಹಜಾರದ ಮೇಜಿಗೆ ಬಿಗಿದ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ನನಗೆ ನಗು ಬಂತು. ಲಾರಿ ಹೊಡೆದವರಿಗೆ ಮಕ್ಕಳ ಗಿಲಕಿ ಕೊಡುತ್ತೀಯಾ ಎಂದು ಕೇಳಿದೆ. ಅಶ್ವಥ್ ನಗಲಿಲ್ಲ. ಇದರಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ ಅತ್ತೆ, ಕೈಯ ಹೆದರಿಕೆ ಹೋಗಲಿ ಎಂದ.

ಮೊದಲ ವಾರ ಇವರು ಹತ್ತಿರವೂ ಸುಳಿಯಲಿಲ್ಲ. ಆಮೇಲೆ ಒಂದು ಸಂಜೆ ನಾನು ಕಣದಲ್ಲಿ ಕಾಫಿ ರಾಶಿಗೆ ಟಾರ್ಪಾಲು ಹೊದೆಸಿ ಬಂದರೆ, ಇವರು ಕುರ್ಚಿಯಲ್ಲಿ ಕೂತು ಖಾಲಿ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದರು. ತಿರುವು ಬಂದಾಗಲೆಲ್ಲ ಹಾರ್ನ್ ಎಲ್ಲಿ ಎಂದು ಬೆರಳು ಹುಡುಕುತ್ತಿತ್ತು. ಆ ಕೈಗಳು ಮತ್ತೆ ಸ್ಟಿಯರಿಂಗ್ ಹಿಡಿದದ್ದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಅತ್ತೆ.

ಆದರೆ ಖಾಲಿ ರಸ್ತೆ ಖಾಲಿಯಾಗಿಯೇ ಉಳಿಯಿತು. ಆ ಆಟದಲ್ಲಿ ಊರೂರಿನ ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಟ್ಟಿಗೆ ರೇಸ್ ಮಾಡಬಹುದಂತೆ. ಇವರು ಅದಕ್ಕೆ ಹೋಗಲಿಲ್ಲ. ಇನ್ನೂ ಕಲಿಯಲಿಕ್ಕೆ ಉಂಟು ಎನ್ನುತ್ತಿದ್ದರು. ಅಶ್ವಥ್ ಪ್ರತಿ ಭಾನುವಾರ ಬಂದು ನೋಡುತ್ತಿದ್ದ. ಹೊಸಬರು ಯಾವಾಗ ರೇಸಿಗೆ ಇಳಿಯಬೇಕು ಎಂಬುದಕ್ಕೆ ಅವನ ಲೆಕ್ಕ ಸರಳವಾಗಿತ್ತು. ರಸ್ತೆ ಬಿಟ್ಟು ಹೊರಗೆ ಹೋಗದೆ ಓಡಿಸಲು ಬರಬೇಕು, ಕನ್ನಡಿ ನೋಡುವಾಗಲೂ ಗಾಡಿ ನೇರ ಇರಬೇಕು, ಸಾಕು. ವೇಗ ಆಮೇಲೆ ತಾನಾಗಿ ಬರುತ್ತದೆ. ಅಷ್ಟಾದ ಮೇಲೂ ಒಬ್ಬರೇ ಸುತ್ತುತ್ತಾ ಇದ್ದರೆ ಬೇರೆಯವರ ಜೊತೆ ಓಡಿಸುವುದು ಯಾವತ್ತೂ ಬರುವುದಿಲ್ಲ, ಅದನ್ನು ಜನರ ನಡುವೆಯೇ ಕಲಿಯಬೇಕು ಎನ್ನುತ್ತಿದ್ದ. ನೀರಿಗಿಳಿಯದೆ ಈಜು ಬರುತ್ತದೆಯೇ ಎಂದು ನಾನೂ ಒಗ್ಗರಣೆ ಹಾಕಿದೆ. ಇವರಿಗೆ ಅಷ್ಟೂ ಬಂದು ಬಹಳ ದಿನವಾಗಿತ್ತು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಸಿಕ್ಕಿದ ಹಾಗೆ, ಇವರಿಗೆ ದಿನಕ್ಕೊಂದು ಕುಂದು ಸಿಗುತ್ತಿತ್ತು. ಬ್ರೇಕ್ ಗಟ್ಟಿ, ಕುರ್ಚಿ ಎತ್ತರ, ಪರದೆಗೆ ಬಿಸಿಲು.

ಪಿಕ್ಕಿಂಗ್ ಮುಗಿಯುತ್ತಾ ಬಂತು. ನನ್ನ ತಾಳ್ಮೆಯೂ ಮುಗಿಯಿತು. ಲಿಖಿತಾಳ ಹೊಟ್ಟೆ ನಿಮ್ಮ ಕಲಿಕೆಗೆ ಕಾಯುವುದಿಲ್ಲ ಎಂದು ಅಶ್ವಥನ ಎದುರಿಗೇ ಹೇಳಿಬಿಟ್ಟೆ. ಇವರು ನನ್ನನ್ನು ನೋಡಿದರು, ಹೂಂ ಎಂದರು.

ಆ ಭಾನುವಾರ ಮಧ್ಯಾಹ್ನ ಅಶ್ವಥ್ ಇವರ ಕಿವಿಗೆ ಹೆಡ್‌ಫೋನ್ ಹಾಕಿದ. ಎಲ್ಲರಿಗಿಂತ ಹಿಂದೆ ನಿಂತು ಹೊರಡಿ, ಗೆಲ್ಲುವುದು ಬೇಡ, ಕೊನೆ ಮುಟ್ಟಿದರೆ ಸಾಕು ಎಂದ. ಮುಂದೆ ಇದ್ದವರು ಒಂದು ಸುತ್ತು ಹೆಚ್ಚು ಹೊಡೆದು ಹಿಂದಿನಿಂದ ಬಂದರೆ ನೀಲಿ ಬಾವುಟ ಕಾಣಿಸುತ್ತದೆ ಎಂದೂ ತಿಳಿಸಿದ.

"ಆಗ ನೀವು ಎಂತದೂ ಮಾಡ್ಬೇಡಿ ಮಾವ. ನಿಮ್ಮ ದಾರೀಲಿ ನೀವು ಹೋಗ್ತಾ ಇರಿ. ದಾಟುದು ಹಿಂದೆ ಇರೋನ ಜವಾಬ್ದಾರಿ."

"ಹಿಂದೆ ಇರೋನಿಗೆ ಮುಂದಿಂದು ಕಾಣುದಿಲ್ಲ ಅಲ್ವಾ ಮಾರಾಯ. ಕಾಣೋನು ಹೇಳ್ಬೇಕು" ಎಂದರು ಇವರು.

ಇಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತದೆ ಎಂದು ಅಶ್ವಥ್ ಸಮಾಧಾನ ಹೇಳಿದ. ರೇಸ್ ಶುರುವಾಯಿತು. ಇವರು ಚೆನ್ನಾಗಿಯೇ ಓಡಿಸಿದರು. ಮುಂದಿನವರು ಒಬ್ಬರಿಗೊಬ್ಬರು ಗುದ್ದಿಕೊಂಡು ಹುಲ್ಲಿನ ಮೇಲೆ ಬಿದ್ದರೂ ಇವರು ತಮ್ಮ ಪಾಡಿಗೆ ತಾವು, ಸಂತೆಗೆ ಹೊರಟವರ ಹಾಗೆ ಹೋಗುತ್ತಿದ್ದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ನೀಲಿ ಬಾವುಟ ಬಂತು. ಕನ್ನಡಿಯಲ್ಲಿ ಒಂದು ಹಳದಿ ಕಾರು ದೊಡ್ಡದಾಗುತ್ತಾ ಬಂತು.

ಇವರು ವೇಗ ಇಳಿಸಿದರು. ಘಾಟಿಯಲ್ಲಿ ಮಾಡುತ್ತಿದ್ದ ಹಾಗೆ ಎಡಕ್ಕೆ ಸರಿದು ಸೈಡ್ ಕೊಟ್ಟರು. ಹಳದಿ ಕಾರಿನವನು ದಾಟಲು ಆಗಲೇ ಆ ಎಡಬದಿಯನ್ನು ಹಿಡಿದಾಗಿತ್ತು. ಗುದ್ದಿದ, ಅವನ ಕಾರು ಪಲ್ಟಿ ಹೊಡೆಯುತ್ತಾ ಹೋಗಿ ಗೋಡೆಗೆ ಬಡಿಯಿತು. ನನ್ನ ಕಣ್ಣು ಪರದೆಯ ಮೇಲೆ ನಿಲ್ಲಲಿಲ್ಲ. ಇವರ ಬಲಗೈಯನ್ನು ನೋಡುತ್ತಿದ್ದೆ. ಅದು ಸ್ಟಿಯರಿಂಗ್ ಬಿಟ್ಟು ಕುರ್ಚಿಯ ಹೊರಗೆ ಚಾಚಿಕೊಂಡು, ಹೋಗು ಹೋಗು ಎಂದು ಗಾಳಿಯಲ್ಲಿ ಬೀಸುತ್ತಿತ್ತು.

ಅಶ್ವಥ್ ಎಲ್ಲವನ್ನೂ ನಿಲ್ಲಿಸಲು ಬಂದ. ಇವರು ಬಿಡಲಿಲ್ಲ. ಹೆಡ್‌ಫೋನಿನಲ್ಲಿ ಯಾರೋ ಮಾತನಾಡುತ್ತಿದ್ದರು. ಗುದ್ದಿದ ಹುಡುಗ ಮಲಯಾಳಿ. ಕಣ್ಣೂರಿನ ಮಂಡಿಗಳಲ್ಲಿ ತಿರುಗಿದ ಇವರಿಗೆ ಆ ಭಾಷೆ ಚೆನ್ನಾಗಿ ಬರುತ್ತದೆ. ನನ್ನ ತಪ್ಪಾಯಿತು ಮಗನೇ, ನಾನು ಹೊಸಬ ಎಂದು ಇವರು ಅವನ ಭಾಷೆಯಲ್ಲೇ ಹೇಳಿದರು. ಅವನೇನೋ ಅಂದ. ಇವರು ಪರದೆಯನ್ನೇ ನೋಡುತ್ತಾ ಕೂತರು. ಮುಂದಿನ ರೇಸಿಗೆ ಗಾಡಿಗಳು ಸಾಲಾಗಿ ನಿಂತವು. ಅದರಲ್ಲಿ ಆ ಹಳದಿ ಕಾರೂ ಇತ್ತು, ಒಂದು ಗೀರೂ ಇಲ್ಲದೆ.

"ನೋಡು" ಎಂದು ಇವರು ನನ್ನ ಕೈ ಹಿಡಿದರು. "ಅವ ವಾಪಸ್ ಬಂದಿದ್ದಾನೆ."

ಆಮೇಲೆ ಅತ್ತರು. ಶನಿವಾರಸಂತೆಯ ಆ ಜಗಲಿಯ ಮೇಲೂ ಅಳದಿದ್ದ ಮನುಷ್ಯ, ಮೇಜಿನ ಮೇಲೆ ತಲೆ ಇಟ್ಟು ಅತ್ತರು. ಅಶ್ವಥ್ ಹೊರಗೆ ಹೋದ. ನಾನು ಇವರ ಬೆನ್ನು ಸವರುತ್ತಾ ನಿಂತೆ. ಮುಳ್ಳು ಹೊರಬಂತು, ಇನ್ನು ಗಾಯ ಮಾಯುತ್ತದೆ ಎಂದುಕೊಂಡೆ.

ಮಾರನೆಯ ದಿನವೇ ಕೋಳಿಯನ್ನು ಅಟ್ಟಿ ಜೀಪು ತೊಳೆದೆ. ಅಶ್ವಥನಿಂದ ಬ್ಯಾಟರಿಗೆ ಚಾರ್ಜ್ ಹಾಕಿಸಿದೆ. ಅಪ್ಪ ಬರ್ತಾರೆ ಎಂದು ಲಿಖಿತಾಳಿಗೆ ಫೋನ್ ಮಾಡಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೂಸಿನದೂ ಆಯಿತು, ಜೀಪಿನದೂ ಆಯಿತು.

ಇವರು ಈಗ ದಿನಾ ರೇಸಿಗೆ ಇಳಿಯುತ್ತಿದ್ದರು. ಊಟ ಸರಿಯಾಗಿ ಮಾಡುತ್ತಿದ್ದರು, ಒಮ್ಮೊಮ್ಮೆ ನಗುತ್ತಿದ್ದರು. ಆದರೆ ಓಟದಲ್ಲಿ ಒಂದಿಷ್ಟೂ ಮುಂದೆ ಬರಲಿಲ್ಲ. ಎಲ್ಲರಿಗಿಂತ ಹಿಂದೆ ನಿಂತು ಹೊರಡುವುದು, ಬಂದವರಿಗೆಲ್ಲ ಸೈಡ್ ಕೊಡುವುದು, ಬೈಸಿಕೊಳ್ಳುವುದು. ಓಟ ಮುಗಿದ ಮೇಲೆ ಮಾತ್ರ ಏಳುತ್ತಿರಲಿಲ್ಲ. ಮುಂದಿನ ಸಾಲು ನಿಲ್ಲುವವರೆಗೆ ಕಾದು, ಬಿದ್ದವರು, ಉರುಳಿದವರು, ಗೋಡೆಗೆ ಬಡಿದವರು ಎಲ್ಲರೂ ಬಂದರೇ ಎಂದು ಒಂದೊಂದೇ ಗಾಡಿಯನ್ನು ನೋಡುತ್ತಿದ್ದರು. ಎಲ್ಲರೂ ಬಂದಿರುತ್ತಿದ್ದರು. ಆಗ ಇವರ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿಯನ್ನು ನೋಡಿ ನನಗೆ ಮೊದಲ ಬಾರಿಗೆ ಭಯವಾಯಿತು.

ಕರೆತರುವ ದಿನ ಬೆಳಿಗ್ಗೆ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಜೀಪಿನಲ್ಲಿ ಕೂತರು, ಕೀ ಹಾಕಿದರು. ನಾನು ಪಕ್ಕದಲ್ಲಿ ಬುತ್ತಿ ಹಿಡಿದು ಕೂತೆ. ಕೀ ತಿರುಗಿಸಲಿಲ್ಲ. ಬಹಳ ಹೊತ್ತಾದ ಮೇಲೆ ಇವರು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಅಲ್ಲಿ ತಪ್ಪಿದ್ರೆ ಅವ ಮತ್ತೆ ಬರ್ತಾನೆ. ಇಲ್ಲಿ ಎಲ್ಲಿಂದ ಬರುದು?"

ಆಟದ ರಸ್ತೆ ಇವರನ್ನು ನಮ್ಮ ರಸ್ತೆಗೆ ತಂದು ಬಿಡುತ್ತದೆ ಎಂದು ನಾನು ನಂಬಿದ್ದೆ. ಯಾರೂ ಸಾಯದ ಊರು ಸಿಕ್ಕಿದ ಮೇಲೆ ಇವರು ನಮ್ಮ ಊರಿಗೆ ಯಾಕೆ ಬರಬೇಕು? ಇವರು ಇಳಿದು ಒಳಗೆ ಹೋದರು. ನಾನು ಪಕ್ಕದ ಮನೆಯ ರಾಜುವನ್ನು ಕರೆದು, ಜೀಪು ಓಡಿಸಿಕೊಂಡು ಬಾರಪ್ಪ ಎಂದೆ.

ಮಡಿಕೇರಿಯಲ್ಲಿ ಲಿಖಿತಾ ಗೇಟಿಗೆ ಬಂದು, ಸ್ಟಿಯರಿಂಗ್ ಹಿಂದೆ ರಾಜು ಕೂತಿದ್ದದ್ದನ್ನು ನೋಡಿದಳು. ಬರುವುದಿಲ್ಲ ಎಂದು ಹೇಳಲಿಲ್ಲ. ಬ್ಯಾಗು ಕೊಟ್ಟು ಹಿಂದಿನ ಸೀಟಿನಲ್ಲಿ ಕೂತು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಬರುವಾಗ ಒಂದು ತಿರುವಿನ ಹತ್ತಿರ ಹಿಂದೆ ಬೈಕೊಂದು ಹಾರ್ನ್ ಹೊಡೆಯಿತು. ರಾಜು ಮಾತನಾಡುತ್ತಲೇ ಬಲಗೈ ಹೊರಗೆ ಚಾಚಿದ.

"ಕೈ ಒಳಗೆ ಹಾಕು ರಾಜು" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ಅವನು ಗಾಬರಿಯಾಗಿ ಕೈ ಎಳೆದುಕೊಂಡ. ಅಷ್ಟರಲ್ಲಿ ಬೈಕು ದಾಟಿಯಾಗಿತ್ತು. ರಸ್ತೆ ಖಾಲಿ ಇತ್ತು, ಏನೂ ಆಗಲಿಲ್ಲ. ಆ ಹುಡುಗ ಹಿಂತಿರುಗಿ ನೋಡದೆ, ಎಡಗೈ ಒಮ್ಮೆ ಮೇಲೆತ್ತಿ ತೋರಿಸಿ ತಿರುವಿನಲ್ಲಿ ಮರೆಯಾದ. ಹಿಂದಿನಿಂದ ಲಿಖಿತಾ ನನ್ನ ಭುಜದ ಮೇಲೆ ಕೈ ಇಟ್ಟಳು. ಮನೆ ಬರುವವರೆಗೆ ತೆಗೆಯಲಿಲ್ಲ.

ಇವರು ಗೇಟಿನ ಹತ್ತಿರವೇ ನಿಂತಿದ್ದರು, ಬೆಳಗಿನ ಅದೇ ಅಂಗಿಯಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಹೆಗಲೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಮಗಳನ್ನು ಕೈ ಹಿಡಿದು ಇಳಿಸಿಕೊಂಡರು, ತಲೆ ಸವರಿದರು. ಅವಳು ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದರು.

"ದಾರೀಲಿ ಹಿಂದೆ ಯಾರಾದ್ರೂ ಇದ್ರಾ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಒಬ್ಬ ಬೈಕಿನ ಹುಡುಗ ಇದ್ದ, ದಾಟಿ ಹೋದ, ಹೋಗುವಾಗ ಕೈ ಎತ್ತಿದ ಎಂದೆ.

ಇವರು ನಾವು ಬಂದ ರಸ್ತೆಯನ್ನೇ ನೋಡುತ್ತಾ ನಿಂತರು.

"ಮನೆ ಸೇರಿರ್ತಾನೆ ಅಲ್ವಾ?"

ಇಲ್ಲಿ ಅದನ್ನು ತಿಳಿಯಲು ಆಟದಲ್ಲಿನ ಹಾಗೆ ಗಾಡಿಗಳ ಸಾಲು ಬಂದು ನಿಲ್ಲುವುದಿಲ್ಲ. ದಾಟಿ ಹೋದವನು ಹೋದ, ಅಷ್ಟೇ.

"ಸೇರಿರ್ತಾನೆ, ಬನ್ನಿ" ಎಂದು ಇವರ ಬಲಗೈ ಹಿಡಿದುಕೊಂಡೆ. ಇವರು ಬರಲಿಲ್ಲ. ಆ ಕೈಯನ್ನು ಹಿಡಿದುಕೊಂಡೇ ನಾನೂ ಗೇಟಿನ ಹತ್ತಿರ ನಿಂತೆ.