ನೋಯದ ಕಾಲಿನ ಪಟ್ಟಿ

ನಾನು ಒಂದು ಮೊಣಕಾಲಿನ ಪಟ್ಟಿ. ಅಂಗಡಿಯವರು ನೀಕ್ಯಾಪ್ ಎನ್ನುತ್ತಾರೆ. ಕಂದು ಬಣ್ಣ, ಒಂದು ಗೇಣು ಉದ್ದ, ಎರಡು ಕಡೆಯೂ ತೆರೆದ ಬಾಯಿ. ನಾನು ಹುಟ್ಟಿದ್ದು ತಿರುಪ್ಪೂರಿನ ಒಂದು ಹೆಣಿಗೆ ಕಾರ್ಖಾನೆಯಲ್ಲಿ. ಅಲ್ಲಿ ರಬ್ಬರಿನ ಎಳೆಯನ್ನು ಇನ್ನು ಹಿಗ್ಗಲಾರದು ಎನ್ನುವಷ್ಟು ಎಳೆದು, ಎಳೆದು ಹಿಡಿದಿದ್ದಂತೆಯೇ ಅದರ ಮೇಲೆ ದಾರ ಸುತ್ತುತ್ತಾರೆ. ಆಮೇಲೆ ಕೈಬಿಡುತ್ತಾರೆ. ರಬ್ಬರು ತನ್ನ ಮೊದಲಿನ ಅಳತೆಗೆ ಹೋಗಲು ನೋಡುತ್ತದೆ, ದಾರ ಬಿಡುವುದಿಲ್ಲ. ನನ್ನೊಳಗೆ ಇಂಥ ನೂರಾರು ಎಳೆಗಳಿವೆ. ಬಿಗಿ ಹಿಡಿಯುವುದು ನಾನು ಕಲಿತ ವಿದ್ಯೆಯಲ್ಲ. ನನಗೆ ಬೇರೆ ಏನೂ ಬರುವುದಿಲ್ಲ, ಅಷ್ಟೆ.

ಮಂಡ್ಯದ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕೊಕ್ಕೆಗೆ ನೇತುಬಿದ್ದು ಎಂಟು ತಿಂಗಳು ಕಳೆದೆ. ಸಂಕ್ರಾಂತಿ ಮುಗಿದ ಮೂರನೆಯ ದಿನ ಬೋರೇಶ ಬಂದು ನನ್ನನ್ನು ಕೊಂಡ. ಅಂಗಡಿಯವನಿಗೆ ಅವನ ಗುರುತು ಹತ್ತಿ, ಎದ್ದು ನಿಂತು ಕೈ ಕುಲುಕಿದ. ಈ ಸಲ ಕಪ್ ನಮ್ಮದೇ ಅಲ್ಲವೇ ಎಂದು ಕೇಳಿದ. ಬೋರೇಶ ತಲೆಯಾಡಿಸಿ, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದ.

ಅವನು ಕಬಡ್ಡಿ ಆಟಗಾರ. ರಾಜ್ಯದ ಎಂಟು ಊರಿನ ತಂಡಗಳ ಲೀಗಿನಲ್ಲಿ ಕಾವೇರಿ ಗೂಳಿಗಳು ಎಂಬ ತಂಡದ ಕ್ಯಾಪ್ಟನ್. ಹಿಂದಿನ ವರ್ಷ ಆ ತಂಡ ಫೈನಲಿನಲ್ಲಿ ಎರಡೇ ಪಾಯಿಂಟಿನಿಂದ ಸೋತಿತ್ತು. ಈ ವರ್ಷ ಗೆದ್ದೇ ಗೆಲ್ಲುತ್ತಾರೆ ಎಂದು ಜಿಲ್ಲೆಯೇ ನಂಬಿತ್ತು. ಬಸ್ ನಿಲ್ದಾಣದ ಎದುರು ಬೋರೇಶ ತೊಡೆ ತಟ್ಟುತ್ತಿರುವ ಚಿತ್ರವನ್ನು ಎರಡು ಮಹಡಿ ಎತ್ತರಕ್ಕೆ ನಿಲ್ಲಿಸಿದ್ದರು. ಬೆಲ್ಲದ ಮಂಡಿಯವರು ಕಪ್ ಗೆದ್ದ ಮೆರವಣಿಗೆಗೆ ಎಂದು ಒಂದು ಜೋಡಿ ಹಳ್ಳಿಕಾರ್ ಎತ್ತುಗಳನ್ನು ಆಗಲೇ ಗೊತ್ತುಮಾಡಿದ್ದರಂತೆ.

ಅವನಿಗೆ ನಾನು ಯಾಕೆ ಬೇಕಾಯಿತು ಎಂಬುದನ್ನು ನಾನು ಕಂಡಿಲ್ಲ, ಆಮೇಲೆ ಮನೆಯ ಮಾತಿನಲ್ಲಿ ಕೇಳಿದೆ. ಬೋರೇಶನ ಊರು ಮಾದಗಟ್ಟೆಯಲ್ಲಿ ಒಂದು ರೂಢಿ ಇದೆ. ಸಂಕ್ರಾಂತಿಯ ಮರುದಿನ ಕೆರೆಯ ಹಿಂದಿನ ಬಯಲಿನಲ್ಲಿ ಮದುವೆಯಾದವರಿಗೂ ಆಗದವರಿಗೂ ಕಬಡ್ಡಿ. ಬೋರೇಶನಿಗೆ ಹಿಂದಿನ ವೈಶಾಖದಲ್ಲಿ ಮದುವೆಯಾಗಿತ್ತು. ಆದವರ ಕಡೆಯಿಂದ ಆಡಲು ಅದೇ ಮೊದಲ ವರ್ಷ. ಆದರೆ ತಂಡದ ಕರಾರಿನಲ್ಲಿ ಹೊರಗಡೆ ಎಲ್ಲಿಯೂ ಆಡಕೂಡದು, ಆಡಿ ಪೆಟ್ಟು ಮಾಡಿಕೊಂಡರೆ ತಂಡದಿಂದ ತೆಗೆಯುತ್ತೇವೆ ಎಂದು ಬರೆದಿತ್ತು. ಅವನು ಬದುವಿನ ಮೇಲೆ ಕುಳಿತು ನೋಡುತ್ತೇನೆ ಎಂದೇ ಹೋಗಿದ್ದ. ಆಗದವರ ಕಡೆಯ ಒಬ್ಬ ಪಡ್ಡೆ ಹುಡುಗ ಎಲ್ಲರೆದುರು ಕೇಳಿದನಂತೆ:

"ಏನ್ ಬೋರೇಶಣ್ಣ, ಮದ್ವೆ ಆಗ್ತಿದ್ದಂಗೆ ಗೂಳಿ ಎತ್ತಾಗೋಯ್ತಾ?"

ಹೆಂಗಸರೂ ನಕ್ಕರು. ಬೋರೇಶ ಪಂಚೆ ಎತ್ತಿ ಕಟ್ಟಿ ಇಳಿದ. ಮೂರನೆಯ ಸಲ ರೈಡ್ ಹೋಗಿ ಹಾರಿ ಬೀಳುವಾಗ ಎಡಗಾಲು ದನದ ಗೊರಸಿನ ಗುಂಡಿಯಲ್ಲಿ ಊರಿತು. ಮೊಣಕಾಲಿನೊಳಗೆ ಹಸಿ ಕಡ್ಡಿ ಮುರಿದಂತೆ ಸದ್ದಾಯಿತಂತೆ. ಅದು ಅವನಿಗೆ ಮಾತ್ರ ಕೇಳಿಸಿತು. ಎದ್ದು ನಗುತ್ತಲೇ ಮನೆಗೆ ಬಂದ.

ಹಾಗಾಗಿ ನಾನು ಬಂದದ್ದು ಎಡಗಾಲಿಗೆ. ಚೀಲದಿಂದ ತೆಗೆದು ಏರಿಸಿಕೊಂಡ. ಆ ಮಂಡಿ ಊದಿ ಬೆಚ್ಚಗಿತ್ತು, ಒಳಗೆ ಏನೋ ಸಡಿಲವಾಗಿ ಅಲ್ಲಾಡುತ್ತಿತ್ತು. ನಾನು ಸುತ್ತಲೂ ಹಿಡಿದೆ. ಅವನು ಉಸಿರು ಬಿಟ್ಟ. ಅದು ನನ್ನ ಬದುಕಿನ ಮೊದಲ ಕೆಲಸ, ಅರ್ಧ ದಿನ ಮಾತ್ರ ಮಾಡಿದೆ.

ಸಂಜೆ ಅವನ ಸೋದರಮಾವ ಮೊಗಣ್ಣ ಬಂದ. ಮೊಗಣ್ಣ ಮಣ್ಣಿನ ಅಂಕಣದ ಕಾಲದ ಆಟಗಾರ. ಬೋರೇಶನಿಗೆ ಕಬಡ್ಡಿ ಕಲಿಸಿದವನೂ ಅವನೇ. ನನ್ನನ್ನು ಕಂಡು ಮುಖ ಸಿಂಡರಿಸಿದ.

"ನೋಯೋ ಕಾಲ್ಗೆ ಯಾವಾನ್ಲಾ ಕಟ್ತಾನೆ? ಇಲ್ಲೈತೆ ನೋವು, ಬಂದ್ ಹಿಡ್ಕಳ್ರಪ್ಪ ಅಂತ ಬೋರ್ಡ್ ಹಾಕ್ದಂಗೆ. ನೆಟ್ಟಗಿರೋ ಕಾಲ್ಗೆ ಕಟ್ಟು ಕಣಳಿಯ. ಅವ್ರು ಅಲ್ಗೇ ಬಾಯಾಕ್ತಾರೆ, ನೀನು ಒದ್ದು ಬತ್ತೀಯ."

ಅವರ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರಂತೆ. ಗಟ್ಟಿ ಕಾಲಿಗೆ ಬಟ್ಟೆ ಸುತ್ತಿ, ಅಂಕಣಕ್ಕೆ ಇಳಿಯುವ ಮೊದಲು ಎರಡು ಹೆಜ್ಜೆ ಕುಂಟಿಯೂ ತೋರಿಸುತ್ತಿದ್ದರಂತೆ. ಬೋರೇಶ ನನ್ನನ್ನು ಎಡಗಾಲಿನಿಂದ ಬಿಚ್ಚಿ ಬಲಗಾಲಿಗೆ ಏರಿಸಿದ. ಅಂದಿನಿಂದ ನಾನು ಏನೂ ಆಗದ ಮಂಡಿಯನ್ನು ಹಗಲೆಲ್ಲ ಬಿಗಿಹಿಡಿದು ಕುಳಿತೆ. ಪಕ್ಕದ ಕಾಲು ಬರಿದಾಗಿತ್ತು.

ಮೊದಲ ಪಂದ್ಯದಲ್ಲಿ ಮೊಗಣ್ಣನ ಉಪಾಯ ಫಲಿಸಿತು. ಎದುರು ತಂಡದವರು ನನ್ನ ಮೇಲೆಯೇ ಎರಗಿದರು. ಉಗುರು ನೆಟ್ಟು ಎಳೆದರು. ಬೋರೇಶ ಆ ಗಟ್ಟಿ ಕಾಲನ್ನು ಝಾಡಿಸಿ ಗೆರೆ ಮುಟ್ಟಿದ. ಹನ್ನೊಂದು ಪಾಯಿಂಟ್ ತಂದ. ಊರೂರಿನಲ್ಲಿ ಪಟಾಕಿ ಹಾರಿತು.

ಎರಡನೆಯದರಲ್ಲಿ ಸೋತರು. ಮೂರನೆಯದರಲ್ಲಿಯೂ ಸೋತರು. ನಾಲ್ಕನೆಯದರಲ್ಲಿ ಎರಡು ಸಲ ಆಲೌಟ್ ಆದರು. ನನಗೆ ಎಡಗಾಲಿನ ಒಳಗು ಕಾಣುತ್ತಿರಲಿಲ್ಲ, ಆದರೂ ಅದರ ಸಮಾಚಾರವೆಲ್ಲ ತಿಳಿಯುತ್ತಿತ್ತು. ಎಡಗಾಲು ನೆಲ ಮುಟ್ಟಿದ ಕ್ಷಣವೇ ಮೈಭಾರವೆಲ್ಲ ಅವಸರದಲ್ಲಿ ನನ್ನ ಕಡೆಗೆ ಓಡಿ ಬರುತ್ತಿತ್ತು, ಸುಡುವ ಕಲ್ಲಿನ ಮೇಲೆ ಕಾಲಿಟ್ಟವನಂತೆ. ಅವನು ಎಡಕ್ಕೆ ತಿರುಗುವುದನ್ನೇ ಬಿಟ್ಟಿದ್ದ.

ತಂಡದ ಕೋಚ್ ಶೀನ ಶೆಟ್ಟರು ಮಂಗಳೂರಿನ ಕಡೆಯವರು. ಹೆಚ್ಚು ಮಾತಿಲ್ಲದ, ಆಟಗಾರರ ಊಟ ನಿದ್ದೆಯನ್ನೆಲ್ಲ ತಾವೇ ನೋಡುತ್ತಿದ್ದ ಮನುಷ್ಯ. ಬೋರೇಶನ ನಡಿಗೆ ನೋಡಿ, ಕಾಲಿಗೆ ಏನಾಗಿದೆ ಎಂದು ನೇರವಾಗಿ ಕೇಳಿದರು. ಅವರ ಕಣ್ಣು ನನ್ನ ಮೇಲಿತ್ತು. ಎಡಗಾಲು ಎಂದರೆ ಪೆಟ್ಟು ಯಾವಾಗ, ಎಲ್ಲಿ ಆಯಿತು ಎಂಬ ಪ್ರಶ್ನೆ ಬರುತ್ತದೆ, ಊರ ಆಟದ ಸಂಗತಿ ಹೊರಬೀಳುತ್ತದೆ. ಬೋರೇಶ ಬಲಗಾಲು ಸ್ವಲ್ಪ ಹಿಡಿದುಕೊಂಡಿದೆ ಸಾರ್ ಎಂದ.

ಅಲ್ಲಿಂದ ಮುಂದೆ ನಡೆದದ್ದೆಲ್ಲ ಶೆಟ್ಟರ ಅಕ್ಕರೆಯಿಂದಲೇ ನಡೆಯಿತು. ಬಲಗಾಲನ್ನು ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಆದರೂ ಇರಲಿ ಎಂದು ಅದಕ್ಕೆ ಪೂರಾ ವಿಶ್ರಾಂತಿ ಕೊಟ್ಟರು. ಬಸ್ಕಿ, ಕುಪ್ಪಳಿಕೆ ಎಲ್ಲವನ್ನೂ ಎಡಗಾಲಿನಲ್ಲಿ ಮಾತ್ರ ಮಾಡಿಸಿದರು. ದಿನಕ್ಕೆ ನೂರು. ಅಂಕಣದಲ್ಲಿಯೂ ಅವನ ಜಾಗ ಬದಲಾಯಿಸಿ, ಎಡಗಾಲು ಊರಿ ನಿಲ್ಲಬೇಕಾದ ಮೂಲೆಗೆ ಹಾಕಿದರು. ಬೋರೇಶ ಹಲ್ಲು ಕಚ್ಚಿಕೊಂಡು ಒಂಟಿ ಎಡಗಾಲಿನಲ್ಲಿ ಕುಪ್ಪಳಿಸುವಾಗ ನಾನು ಗಾಳಿಯಲ್ಲಿ ಮಡಚಿಕೊಂಡು ನೇತಾಡುತ್ತಿದ್ದೆ. ನನ್ನ ಬಿಗಿಯೆಲ್ಲ ನನ್ನಲ್ಲಿಯೇ ಇತ್ತು, ಕೊಡುವ ದಾರಿ ಇರಲಿಲ್ಲ. ಅಲ್ಲಿಂದ ಜಾರಿ ಬೀಳಲು ಎಷ್ಟೋ ಸಲ ನೋಡಿದೆ. ಆದರೆ ಬೆವರಿನಲ್ಲಿ ನೆನೆದಷ್ಟೂ ನಾನು ಇನ್ನಷ್ಟು ಅಂಟುತ್ತಿದ್ದೆ.

ಏಳನೆಯ ಪಂದ್ಯ ವಿಜಯಪುರದ ತಂಡದೊಂದಿಗೆ. ಬೋರೇಶ ರೈಡಿಗೆ ಹೋದಾಗ ಅವರ ಮೂಲೆಯಲ್ಲಿ ನಿಂತಿದ್ದ ಆಟಗಾರ ನನ್ನನ್ನು ಒಮ್ಮೆ ನೋಡಿ, ಪಕ್ಕದವನಿಗೆ ಸಣ್ಣ ದನಿಯಲ್ಲಿ ಹೇಳಿದ: "ಎಡಗಾಲ್ ಹಿಡಿ ಲೇ. ಆ ಪಟ್ಟಿ ಬರೇ ನಾಟಕ ಐತಿ."

ಹಿಡಿದರು. ಆಮೇಲೆ ಬಂದ ಎಲ್ಲ ತಂಡದವರೂ ಅಲ್ಲಿಯೇ ಹಿಡಿದರು. ಬೋರೇಶನ ಎಡಗಾಲಿನ ವಿಷಯ ಏಳು ಎದುರಾಳಿ ತಂಡಗಳಿಗೂ ತಿಳಿದುಹೋಯಿತು. ತಿಳಿಯದೆ ಉಳಿದದ್ದು ಅವನ ತಂಡಕ್ಕೆ ಮಾತ್ರ.

ಜನ ಮೊದಲು ಬೇಸರಪಟ್ಟರು, ಆಮೇಲೆ ತಮಾಷೆ ಮಾಡಿದರು. ಗ್ಯಾಲರಿಯ ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಕೂಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಗೂಳಿ ಬತ್ತದೆ ಅಂತ ಜಾಗ ಬುಟ್ರೆ ಕರ ಬಂತಲ್ರಪ್ಪ." ಬೆಲ್ಲದ ಮಂಡಿಯವರು ಎತ್ತಿನವನಿಗೆ ಬರಬೇಡ ಎಂದು ಹೇಳಿ ಕಳಿಸಿದರಂತೆ.

ತಂಡದಲ್ಲಿ ಮಾಲೀಶು ಮಾಡುವವರು ಬಾಬಾಜಾನ್. ಅರವತ್ತು ದಾಟಿದವರು. ಕುಸ್ತಿ ಗರಡಿಯಲ್ಲಿ ಕೈ ಪಳಗಿಸಿಕೊಂಡವರು. ದಿನಾ ಅಭ್ಯಾಸ ಮುಗಿದ ಮೇಲೆ ಅವರು ನನ್ನನ್ನು ಬಿಚ್ಚಿ ಪಕ್ಕಕ್ಕಿಟ್ಟು ಬಲಗಾಲಿಗೆ ಎಣ್ಣೆ ಹಾಕಿ ತಿಕ್ಕುತ್ತಿದ್ದರು. ನನಗೆ ಉಸಿರಾಡಲು ಸಿಗುತ್ತಿದ್ದ ಹೊತ್ತೆಂದರೆ ಅದೊಂದೇ. ಹನ್ನೆರಡನೆಯ ಪಂದ್ಯ ಸೋತ ಮಾರನೆಯ ದಿನ ಅವರು ತಿಕ್ಕುವುದನ್ನು ನಿಲ್ಲಿಸಿದರು. ಆಮೇಲೆ ಕೈಯನ್ನು ಎಡ ಮಂಡಿಯ ಮೇಲೆ ಇಟ್ಟರು. ಒತ್ತಲಿಲ್ಲ. ಬೋರೇಶ ಕಣ್ಣು ಮುಚ್ಚಿಕೊಂಡ.

"ಬೋರಣ್ಣ, ಆ ಕಾಲಲ್ಲಿ ಏನೂ ಇಲ್ಲ. ಎರಡು ತಿಂಗಳಿಂದ ನಾನು ಗೋಡೆಗೆ ಎಣ್ಣೆ ಹಚ್ತಾ ಇದೀನಿ."

ಬೋರೇಶ ಸಂಕ್ರಾಂತಿಯ ಕತೆಯನ್ನೆಲ್ಲ ಹೇಳಿದ. ಬಾಬಾಜಾನ್ ಬೈಯಲಿಲ್ಲ. ಒಳಗಿನ ನರ ಹರಿದಿದೆ, ಇನ್ನೂ ಎಲ್ಲವೂ ಹೋಗಿಲ್ಲ, ಹೀಗೆಯೇ ಕುಪ್ಪಳಿಸಿದರೆ ಮುಂದೆ ಗದ್ದೆಯ ಬದು ದಾಟಲೂ ಕಾಲು ಬರುವುದಿಲ್ಲ ಎಂದರು. ಶೆಟ್ಟರಿಗೆ ನೀನೇ ಹೇಳು, ನಾನು ಹೇಳಿದರೆ ಚಾಡಿಯಾಗುತ್ತದೆ ಎಂದರು. ಬೋರೇಶ ಉಳಿದಿರುವುದು ಎರಡೇ ಪಂದ್ಯ, ಮುಗಿಯಲಿ ಎಂದು ಬೇಡಿಕೊಂಡ. ಬಾಬಾಜಾನ್ ನನ್ನನ್ನು ಎತ್ತಿ ಅವನ ಕೈಗೆ ಕೊಟ್ಟು ಹೋದರು.  ಅವನು ನನ್ನನ್ನು ಮತ್ತೆ ಬಲಗಾಲಿಗೇ ಏರಿಸಿದ.

ಹದಿಮೂರನೆಯದನ್ನೂ ಸೋತರು. ಕೊನೆಯ ಪಂದ್ಯ ಮಂಡ್ಯದಲ್ಲಿಯೇ ಇತ್ತು. ಗೆದ್ದರೆ ಕೊನೆಯ ಸ್ಥಾನವಾದರೂ ತಪ್ಪುತ್ತಿತ್ತು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಶೀನ ಶೆಟ್ಟರು ಬೋರೇಶನ ಮುಂದೆ ಮಂಡಿಯೂರಿ ಕುಳಿತರು. ಬಲಗಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಮೇಲೆ ಬಿಳಿಯ ಅಂಟುಪಟ್ಟಿಯನ್ನು ಸುತ್ತತೊಡಗಿದರು. ಒಂದು ಸುತ್ತು, ಎರಡು ಸುತ್ತು. ಹೊರಗೆ ಡೊಳ್ಳು ಕೇಳುತ್ತಿತ್ತು. ಒಳಗೆ ಚರ್ಮ, ಹೊರಗೆ ಅಂಟು. ನನಗೆ ಉಸಿರು ಕಟ್ಟಿತು. ಮೂರನೆಯ ಸುತ್ತನ್ನು ಶೆಟ್ಟರು ಇನ್ನಷ್ಟು ಬಿಗಿಯಾಗಿ ಎಳೆದರು. ಕೋಚ್ ಆಗಿ ಅವರಿಗೆ ಇದೇ ಕೊನೆಯ ಪಂದ್ಯವೆಂದು ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಸಾರ್," ಎಂದ ಬೋರೇಶ. "ಆ ಕಾಲಲ್ಲ."

ಶೆಟ್ಟರು ಸುತ್ತುವುದನ್ನು ನಿಲ್ಲಿಸಲಿಲ್ಲ. ಅವರಿಗೆ ಅರ್ಥವಾಗಿರಲಿಲ್ಲ. ಬೋರೇಶ ಅವರ ಕೈ ಹಿಡಿದು, ಅದನ್ನು ಎತ್ತಿ ತನ್ನ ಎಡ ಮಂಡಿಯ ಮೇಲೆ ಇಟ್ಟ.  ಬೋರೇಶ ತಲೆ ತಗ್ಗಿಸಿಕೊಂಡು ಊರ ಆಟ, ಮಾವನ ಮಾತು, ಎಲ್ಲವನ್ನೂ ಹೇಳಿ ಮುಗಿಸಿದ. ಶೆಟ್ಟರು ಆ ಮಂಡಿಯನ್ನು ಮೆಲ್ಲಗೆ ಒತ್ತಿ ನೋಡಿದರು.

"ಅಂದ್ರೆ ಆ ಕುಪ್ಪಳಿಸಿದ್ದೆಲ್ಲ ಇದೇ ಕಾಲಲ್ಲಿ."

"ಹೂಂ ಸಾರ್."

"ನಿನ್ನ ಮಾವ ಎದುರು ಪಾರ್ಟಿಗೆ ತೋರಿಸ್ಬೇಡ ಅಂದದ್ದು ಮಾರಾಯ. ನನಗೆ ಹೇಳ್ಬೇಡ ಅಂದದ್ದಾ?"

 ಶೆಟ್ಟರು ಕತ್ತರಿ ತಂದು ಅಂಟುಪಟ್ಟಿಯನ್ನು ಕತ್ತರಿಸಿದರು. ನನ್ನ ಅಂಚಿನ ನಾಲ್ಕೈದು ಎಳೆಗಳೂ ಅದರೊಂದಿಗೆ ಕತ್ತರಿಸಿಹೋದವು. ಹೆಸರಿನ ಪಟ್ಟಿಯಲ್ಲಿ ಬೋರೇಶನ ಹೆಸರನ್ನು ಹೊಡೆದುಹಾಕಿದರು. ಅವನು ಬೆಂಚಿನ ಮೇಲೆ ಕುಳಿತು ನೋಡಿದ. ತಂಡ ಒಂಬತ್ತು ಪಾಯಿಂಟಿನಿಂದ ಸೋತಿತು. ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಪಂದ್ಯ ಮುಗಿಯುವ ಮೊದಲೇ ಅರ್ಧ ಗ್ಯಾಲರಿ ಖಾಲಿಯಾಗಿತ್ತು. ಕರಾರು ಮುರಿದದ್ದಕ್ಕೆ ತಂಡದವರು ಅವನನ್ನು ಕೈಬಿಟ್ಟರು. ಶೆಟ್ಟರನ್ನೂ ಬಿಟ್ಟರು. ಅವರು ಊರಿಗೆ ಹೋಗುವ ಮುನ್ನ ಮೈಸೂರಿನ ಒಬ್ಬ ಮೂಳೆ ಡಾಕ್ಟರಿಗೆ ತಾವೇ ಫೋನು ಮಾಡಿ, ಇವನ ಕಾಲನ್ನು ನೋಡಬೇಕೆಂದು ಹೇಳಿದ್ದರಂತೆ. ಬೋರೇಶನ ಜೊತೆ ಮಾತ್ರ ಮಾತನಾಡಲಿಲ್ಲ.

ಆಪರೇಷನ್ ಆಗಿ ಎರಡು ತಿಂಗಳಿಗೆ ಬೋರೇಶ ನನ್ನನ್ನು ಹುಡುಕಿ ತೆಗೆದ. ಎಡಗಾಲಿಗೆ ಏರಿಸಿದ. ನಾನು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಹಿಡಿದೆ. ಆದರೆ ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ತೊಡೆ ಕಬ್ಬಿನ ಜಲ್ಲೆಯಂತೆ ಸಣ್ಣಗಾಗಿತ್ತು, ನನ್ನ ರಬ್ಬರೂ ಸೋತಿತ್ತು. ಅವನು ಎರಡು ಹೆಜ್ಜೆ ಇಡುವುದರೊಳಗೆ ನಾನು ಜಾರಿ ಪಾದದ ಮೇಲೆ ಬಿದ್ದೆ. ಅವನ ಹೆಂಡತಿ ಸಾಕಮ್ಮ ನನ್ನನ್ನು ಎತ್ತಿಕೊಂಡು ಒಳಗೆ ಹೋದಳು.

ಈಗ ನಾನು ಅವರ ಕೊಟ್ಟಿಗೆಯಲ್ಲಿ ಇದ್ದೇನೆ. ದನದ ತೊಟ್ಟಿಗೆ ನೀರು ತರುವ ಪೈಪು ಒಂದು ಸಂದಿನಲ್ಲಿ ಸೋರುತ್ತಿತ್ತು. ಸಾಕಮ್ಮ ನನ್ನನ್ನು ಎರಡು ಮಡಿಕೆ ಮಾಡಿ ಅಲ್ಲಿ ಸುತ್ತಿ ಕಟ್ಟುತಂತಿಯಿಂದ ಬಿಗಿದಿದ್ದಾಳೆ. ತಂತಿ ನನ್ನೊಳಗೆ ಇಳಿದಿದೆ, ತುಕ್ಕು ಹತ್ತಿದೆ. ಬಿಚ್ಚುವವರು ಯಾರೂ ಬರುವುದಿಲ್ಲ. ನೀರು ಪೂರಾ ನಿಂತಿಲ್ಲ, ಹನಿಯುತ್ತದೆ. ಹಿಡಿಯುವುದೊಂದೇ ಬರುವವರ ಬದುಕು ಹೀಗೆಯೇ ಇರಬೇಕು. ಎಲ್ಲಿ ಕಟ್ಟಬೇಕು ಎನ್ನುವುದು ನಮ್ಮ ಕೈಯಲ್ಲಿಲ್ಲ, ಎಷ್ಟು ದಿನ ಎನ್ನುವುದೂ ಇಲ್ಲ. ಸೋರುವ ಕಡೆ ಕಟ್ಟಿದರೆ ಸ್ವಲ್ಪವಾದರೂ ಉಪಯೋಗಕ್ಕೆ ಬಂದೇವು. ಅಷ್ಟನ್ನು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ.

ಬೋರೇಶ ಬೆಳಿಗ್ಗೆ ಬೆಳಿಗ್ಗೆ ಬಂದು ತೊಟ್ಟಿಯ ಅಂಚಿನ ಮೇಲೆ ಕುಳಿತು ಕಾಲು ಮಡಚುವ ಅಭ್ಯಾಸ ಮಾಡುತ್ತಾನೆ. ಡಾಕ್ಟರು ಇಷ್ಟೇ ಎಂದು ಹೇಳಿದ್ದಾರೆ, ಅದಕ್ಕಿಂತ ಒಂದು ಬೆರಳು ಹೆಚ್ಚು ಮಡಚಲು ನೋಡುತ್ತಾನೆ. ಈ ವರ್ಷದ ಲೀಗು ಶುರುವಾಗಿದೆ. ಬೇಲಿಯ ಆಚೆ ಹೋಗುವ ಜನ ನಿಂತು, ಕಾಲು ಹೆಂಗದೆ ಬೋರೇಶಣ್ಣ, ಮತ್ತೆ ಆಡ್ತೀಯಾ ಎಂದು ಕೇಳುತ್ತಾರೆ. ಅವನು ಎಡಗಾಲನ್ನು ಮುಂದಕ್ಕೆ ಚಾಚಿ, ಆದಷ್ಟು ಮಡಚಿ ತೋರಿಸುತ್ತಾನೆ.

"ಇಷ್ಟೇ ಮಡುಚ್ತದೆ ಕಣಣ್ಣ," ಎನ್ನುತ್ತಾನೆ. "ಇದ್ಕಿಂತ ಮ್ಯಾಕೆ ಆಗಕಿಲ್ಲ."