ಕುರ್ಚಿಗೆ ಒರಗಿದರೆ ಕಾಣುವುದು

ಗಿರಾಕಿಯ ಮೂಗಿನ ಮೇಲೆ ಬೆಳ್ಳಗೆ ಏನೋ ಉದುರಿದಾಗ ತಮ್ಮ ಅದನ್ನು ಸೋಪಿನ ನೊರೆ ಎಂದೇ ತಿಳಿದು ಒರೆಸಿದ. ಬೀದಿಗೆಲ್ಲ ಅವನು ತಮ್ಮನೇ. ಐವತ್ತು ದಾಟಿ, ತಲೆ ಬೋಳಾಗಿ, ಮಗಳ ಮದುವೆ ಮಾಡಿ ಮುಗಿಸಿದ ಮೇಲೂ ಕಟಿಂಗ್ ಶಾಪಿನ ತಮ್ಮ. ಅಂಗಡಿ ಹಾಕಿದವನು ಅಣ್ಣನಲ್ಲವೇ, ಅದಕ್ಕೆ.

"ಏನಪ್ಪಾ, ಈಗ ನೊರೆ ಮೇಲಿಂದಾನೂ ಬೀಳುತ್ತಾ?" ಎಂದರು ಕುರ್ಚಿಗೆ ಒರಗಿದ್ದ ಮೇಷ್ಟ್ರು.

ಮೇಲಿದ್ದದ್ದು ಮನಿಪ್ಲಾಂಟ್ ಬಳ್ಳಿ. ಅಂಗಡಿ ತೆರೆದ ದಿನ ಅಣ್ಣ ಬ್ರಷ್ ಅದ್ದುವ ಲೋಟದಲ್ಲಿ ಗೇಣುದ್ದದ ಕಡ್ಡಿಯೊಂದನ್ನು ಇಟ್ಟಿದ್ದ. ಅದು ಬೇರುಬಿಟ್ಟು, ಕುಂಡ ಸೇರಿ, ಕನ್ನಡಿ ಹತ್ತಿ, ಗೋಡೆ ಬಳಸಿ ಬಾಗಿಲ ನೆತ್ತಿಯವರೆಗೂ ಹೋಗಿತ್ತು. "ಈ ಅಂಗಡೀಲಿ ಕತ್ತರಿ ತಾಗದೇ ಇರೋದು ಒಂದಾದ್ರೂ ಇರ್ಲಿ ಕಣೋ" ಎನ್ನುತ್ತಿದ್ದ ಅಣ್ಣ, ಬಳ್ಳಿ ಉದ್ದವಾದ ಹಾಗೆಲ್ಲ ಮೊಳೆ ಹೊಡೆದು ದಾರ ಕಟ್ಟುತ್ತಿದ್ದ. ತಮ್ಮ ಮೊದಲ ಸಲ ಯಾರ ಕೆನ್ನೆಯನ್ನೂ ಕೊಯ್ಯದೆ ಗಡ್ಡ ತೆಗೆದಾಗ ಒಂದು ಮೊಳೆ. ಎರಡನೇ ಕುರ್ಚಿ ಬಂದಾಗ ಇನ್ನೊಂದು. ಬಾಗಿಲ ಮೇಲಿನ ಮೊಳೆ ತಮ್ಮನ ಮಗಳು ಹುಟ್ಟಿದ ವಾರದ್ದು. ಆ ಮೊಳೆಗಳನ್ನು ನೋಡುತ್ತಾ ಹೋದರೆ ತಮ್ಮನಿಗೆ ತನ್ನ ಇಡೀ ಆಯುಷ್ಯವೇ ಕಾಣುತ್ತಿತ್ತು.

ಈಚೆಗೆ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ತಮ್ಮ ಗಮನಿಸಿರಲಿಲ್ಲ ಎಂದಲ್ಲ. ಎಲೆಯ ಬುಡದಲ್ಲಿ ಹತ್ತಿಯಂಥದ್ದು ಕಂಡರೆ ಪೌಡರ್ ಹಾರಿ ಕೂತಿದೆ ಎಂದುಕೊಂಡ. ಕನ್ನಡಿ ಅಂಟಂಟಾದರೆ ಹುಡುಗರು ತಲೆಗೆ ಮೆತ್ತಿಸಿಕೊಳ್ಳುವ ಕ್ರೀಮನ್ನು ಬೈದ. ಗೋಡೆಯ ಮೇಲೆ ಇರುವೆಗಳು ಸಾಲುಗಟ್ಟಿದಾಗ ಯಾರೋ ಚಹಾ ಚೆಲ್ಲಿದ್ದಾರೆ ಎಂದು ನೆಲ ಒರೆಸಿದ. ಪ್ರತಿಯೊಂದಕ್ಕೂ ಅವನ ಬಳಿ ಉತ್ತರವಿತ್ತು, ಒಂದೂ ಸರಿಯಿರಲಿಲ್ಲ ಅಷ್ಟೇ.

ಮೇಷ್ಟ್ರು ಎದ್ದು ಹೋದ ಮೇಲೆ ಅವನೇ ಕುರ್ಚಿಯಲ್ಲಿ ಕೂತು ಹಿಂದಕ್ಕೆ ಒರಗಿದ. ನಿಂತು ನೋಡಿದರೆ ಹಸಿರಾಗಿದ್ದ ಎಲೆಗಳ ಕೆಳಗೆಲ್ಲ, ಹಿಟ್ಟಿನಲ್ಲಿ ಹೊರಳಾಡಿ ಬಂದಂಥ ಪುಟ್ಟ ಹುಳುಗಳು ಗುಂಪುಗುಂಪಾಗಿ ಕಚ್ಚಿಕೊಂಡಿದ್ದವು.

ಆಗ ನೆನಪಾಯಿತು. ರಜಾ ದಿನ ಬಾಗಿಲು ಅರ್ಧ ಎಳೆದುಕೊಂಡು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಗಡ್ಡ ಮಾಡುತ್ತಿದ್ದರು. ಇಡೀ ವಾರ ಊರವರ ಮುಖ ಸವರಿದವರಿಗೆ ಅದೊಂದು ಹಬ್ಬ. ತಮ್ಮ ಕುರ್ಚಿಗೆ ಬೆನ್ನು ಕೊಟ್ಟನೆಂದರೆ ನಿದ್ದೆ. ಅಣ್ಣ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. "ಅಲ್ಲೊಂದು ಬಿಳಿ ಚುಕ್ಕಿ, ಒರೆಸು. ಆ ಗಿಣ್ಣಿನ ಸಂದೀಲಿ ನೋಡು" ಎಂದು ನೊರೆ ಮೆತ್ತಿದ ಬಾಯಿಂದಲೇ ಹುಕುಂ. ಅಣ್ಣನಿಗೆ ಇದೊಂದು ಗೀಳು ಎಂದು ಗೊಣಗುತ್ತಾ ತಮ್ಮ ಒರೆಸುತ್ತಿದ್ದ. ಇಷ್ಟು ವರ್ಷ ಬಳ್ಳಿ ಬದುಕಿದ್ದು ಆ ಗೀಳಿನಿಂದ ಎಂದು ಈಗ ತಿಳಿಯಿತು.

ಆಮೇಲೆ ಅಣ್ಣನ ಕೈ ನಡುಗತೊಡಗಿತು. ಒಂದು ದಿನ ಕತ್ತಿ ಗಿರಾಕಿಯೊಬ್ಬರ ಕಿವಿಗೆ ತಾಗಿ ರಕ್ತ ಬಂತು. ತುಂಬಿದ ಅಂಗಡಿಯಲ್ಲಿ ತಮ್ಮ, "ಬಿಡು, ನಿನ್ ಕೈಲಾಗಲ್ಲ" ಎಂದು ಅಣ್ಣನ ಕೈಯಿಂದ ಕತ್ತಿ ಕಿತ್ತುಕೊಂಡ. ಅಣ್ಣ ಜಗಳವಾಡಲಿಲ್ಲ. ಹೆಗಲ ಮೇಲಿನ ಟವೆಲ್ ಮಡಚಿಟ್ಟು ಹೊರಟುಹೋದ. ಈಗಲೂ ಅವನ ಮನೆಗೆ ಹೋದರೆ ನಗುನಗುತ್ತಾ ಮಾತಾಡುತ್ತಾನೆ, ಉಣ್ಣದೆ ಕಳಿಸುವುದಿಲ್ಲ. ಅಂಗಡಿಯ ಮೆಟ್ಟಿಲು ಮಾತ್ರ ಹತ್ತಿಲ್ಲ. ತಮ್ಮನೂ ಅಂದಿನಿಂದ ಈ ಕುರ್ಚಿಯಲ್ಲಿ ಕೂತಿರಲಿಲ್ಲ. ಬಳ್ಳಿಯೂ ಹೋದರೆ ಅಣ್ಣನನ್ನು ಕರೆಯಲು ಇಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಫೋನ್ ಮಾಡಿದ.

"ಹಿಟ್ಟು ತಿಗಣೆ ಕಣೋ ಅದು. ಇರುವೆ ಬಂದಿದ್ವಾ?" ಎಂದ ಅಣ್ಣ.

"ಬಂದಿದ್ವು. ಚಹಾ ಚೆಲ್ಲಿದ್ದಕ್ಕೆ ಅಂದ್ಕೊಂಡೆ."

"ಕತ್ತೆ! ತಿಗಣೆ ಸಿಹಿ ಅಂಟು ಬಿಡುತ್ತೆ, ಅದಕ್ಕೇ ಇರುವೆ ಬರೋದು. ಹತ್ತೀನ ಸ್ಪಿರಿಟ್‌ನಲ್ಲಿ ಅದ್ದಿ ಒರೆಸು. ಆಮೇಲೆ ಸೋಪಿನ ನೀರನ್ನ ಎಲೆ ಕೆಳಗಡೆಗೆ ಹೊಡಿ. ಒಂದ್ಸಲಕ್ಕೆ ಹೋಗಲ್ಲ, ಮೊಟ್ಟೆ ಇರುತ್ತೆ. ವಾರ ವಾರ ಮಾಡ್ಬೇಕು."

"ನಿಂತ್ರೆ ಕಾಣಲ್ಲ ಅಣ್ಣ. ಕೂತ್ರೆ ಕೈ ಎಟುಕಲ್ಲ."

"ರಜಾ ದಿನ ಬರ್ತೀನಿ" ಎಂದ ಅಣ್ಣ.

ಬಂದ. ಅಂಗಡಿಯನ್ನೊಮ್ಮೆ ಕಣ್ಣು ತುಂಬ ನೋಡಿ, ಕುರ್ಚಿಗೆ ಒರಗಿ, ಎಂದಿನಂತೆ ಹುಕುಂ ಶುರು ಮಾಡಿದ. "ಎಡಕ್ಕೆ. ಇನ್ನೂ ಎಡಕ್ಕೆ. ಲೋ, ಕನ್ನಡಿ ನೋಡ್ಕೊಂಡು ಒರೆಸ್ಬೇಡ್ವೋ!" ತಮ್ಮ ಸ್ಟೂಲ್ ಏರಿ ಹತ್ತಿಯಿಂದ ಒರೆಸಿದ, ತಲೆಗೆ ನೀರು ಚಿಮುಕಿಸುವ ಬಾಟಲಿಯಿಂದ ಸೋಪಿನ ನೀರು ಹೊಡೆದ. ಮದ್ದೆಲ್ಲ ಮೊದಲಿಂದಲೂ ಅಂಗಡಿಯಲ್ಲೇ ಇತ್ತು. ಆದರೆ ಬಾಗಿಲ ಮೇಲಿನ ಭಾಗ ಪೂರ್ತಿ ಕೆಟ್ಟುಹೋಗಿತ್ತು.

"ಕತ್ತರಿ ಕೊಡು" ಎಂದು ಅಣ್ಣ ಎದ್ದು ನಿಂತ.

"ಅಣ್ಣ, ಕತ್ತರಿ ತಾಗಬಾರದು ಅಂತ ನೀನೇ..."

"ಕೆಟ್ಟಿದ್ದನ್ನ ಇಟ್ಕೊಂಡ್ರೆ ಚೆನ್ನಾಗಿರೋದೂ ಹಾಳಾಗುತ್ತೆ. ಹೆದರ್ಬೇಡ, ಬಳ್ಳಿಗೆ ಕಿವಿ ಇಲ್ಲ."

ತಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಣ್ಣ ನಡುಗುವ ಕೈಯಲ್ಲೇ ಬಳ್ಳಿ ಕತ್ತರಿಸಿದ. ತಮ್ಮ ಅದನ್ನು ಚೀಲಕ್ಕೆ ತುಂಬಿ ಬಾಯಿ ಬಿಗಿದ. ಮಗಳ ಮೊಳೆ ಬರಿದಾಯಿತು. ಬುಡದ ಕಡೆಯಿಂದ ಚೊಕ್ಕವಾದ ಒಂದು ಕಡ್ಡಿ ತೆಗೆದು, ತೊಳೆದು, ಅಣ್ಣ ಬ್ರಷ್ಷಿನ ಲೋಟದಲ್ಲಿಟ್ಟ.

"ಈಗ ನೀನು ಕೂತ್ಕೋ."

ತಮ್ಮ ಕೂತ. ಅಣ್ಣ ನೊರೆ ಹಚ್ಚಿ ಕತ್ತಿ ತೆಗೆದ. ಕನ್ನಡಿಯಲ್ಲಿ ಆ ಕೈ ನಡುಗುತ್ತಿತ್ತು. ಅಂಥ ಕೈ ಏನು ಮಾಡಬಹುದೆಂದು ತಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಬೇಡ ಅಂದ್ರೆ ಈಗ್ಲೇ ಹೇಳು" ಎಂದ ಅಣ್ಣ.

ತಮ್ಮ ತಲೆಯನ್ನು ಇನ್ನೂ ಹಿಂದಕ್ಕೆ ಚೆಲ್ಲಿ ಕುತ್ತಿಗೆ ಕೊಟ್ಟ. "ಮಾತಾಡಿಸ್ಬೇಡ ಅಣ್ಣ. ಎಲೆ ನೋಡ್ತಿದೀನಿ."

ಮರುದಿನ ಅವನ ಗಲ್ಲದ ಮೇಲೆ ಎರಡು ಕಡೆ ಹತ್ತಿ ಅಂಟಿತ್ತು. ಮೇಷ್ಟ್ರು ಬಿದ್ದು ಬಿದ್ದು ನಕ್ಕರು. "ಕಟಿಂಗ್ ಶಾಪಿನವನ ಮುಖಾನೇ ಹೀಗಾ! ಯಾರ ಹತ್ರ ಹೋಗಿದ್ದೆ ಮಾರಾಯ?"

"ನಮ್ಮಣ್ಣನ ಹತ್ರ" ಎಂದ ತಮ್ಮ, ಎಲ್ಲರಿಗೂ ಕೇಳುವಂತೆ. "ಮುಂದಿನ ವಾರಾನೂ ಬರ್ತಾನೆ. ಮೊಟ್ಟೆ ಇರುತ್ತಲ್ಲ."