ಕಪ್ತಾನನ ತಪ್ಪು

ಬೆಳಿಗ್ಗೆ ಹತ್ತೂಕಾಲಿಗೆ ಕಪ್ತಾನನ ಮಗಳು ನೌಕಾ ವಸ್ತುಸಂಗ್ರಹಾಲಯದ ಎರಡನೇ ಮಹಡಿ ಹತ್ತಿ ಬಂದು, ತಂದೆಯ ಹಡಗನ್ನು ವೆಬ್‌ಸೈಟಿನ ‘ಕಪ್ತಾನನ ತಪ್ಪು’ ಗುಂಪಿನಿಂದ ತೆಗೆಯಬೇಕೆಂದು ಕೇಳಿದರು. ಅರವತ್ತು ದಾಟಿದ ಹೆಂಗಸು. ಏದುಸಿರು ಬಿಡುತ್ತಿದ್ದರೂ ತೋರಿಸಿದ ಕುರ್ಚಿಯಲ್ಲಿ ಕೂರಲಿಲ್ಲ.

ಮುಳುಗಿದ ಹಳೆಯ ಹಡಗುಗಳ ಆ ವೆಬ್‌ಸೈಟನ್ನು ಸಂಗ್ರಹಾಲಯದ ಸಂಪಾದಕಿ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮೊದಲು ಅದರಲ್ಲಿ ಹಡಗುಗಳ ಹೆಸರು ಅಕಾರಾದಿಯಾಗಿ ಉದ್ದಕ್ಕೆ ಇಳಿಯುತ್ತಿತ್ತು. ಬಂದವರು ಅರ್ಧಕ್ಕೇ ಬೇಸತ್ತು ಹೋಗುತ್ತಿದ್ದರು. ಹುಡುಕುವ ದಾರಿ ಸುಲಭವಾಗಲಿ ಎಂದು ಮುಖ್ಯಸ್ಥರು ಹೇಳಿದ್ದರು. ಅವಳು ಮುಳುಗಿದ ಕಾರಣ ಹಿಡಿದು ಹೊಸ ಮೆನು ಕಟ್ಟಿದಳು: ಬಿರುಗಾಳಿ, ಬೆಂಕಿ, ಯುದ್ಧ, ಕಪ್ತಾನನ ತಪ್ಪು. ಒಂದು ಹಡಗು ಒಂದೇ ಗುಂಪಿನಲ್ಲಿರಬೇಕೆಂಬುದು ಅವಳದೇ ನಿಯಮ.

ಈ ಹಡಗು ದಡದಿಂದ ದ್ವೀಪಕ್ಕೆ ಜನರನ್ನು ಸಾಗಿಸುತ್ತಿತ್ತು. ತನಿಖಾ ವರದಿ ಮೂರು ಕಾರಣ ಕೊಟ್ಟಿತ್ತು: ಬಿರುಗಾಳಿ, ಮಿತಿ ಮೀರಿ ಹತ್ತಿಸಿಕೊಂಡ ಜನ, ತಡವಾಗಿ ಹಡಗು ತಿರುಗಿಸಿದ ಕಪ್ತಾನ. ಯಾವುದು ಮುಖ್ಯವೆಂದು ಹೇಳಿರಲಿಲ್ಲ. ಸಂಪಾದಕಿ ಕೊನೆಯದನ್ನು ಆರಿಸಿದ್ದಳು. ಆ ಗುಂಪಿನಲ್ಲಿ ಹಡಗುಗಳು ಕಡಿಮೆ ಇದ್ದವು, ಅಷ್ಟೇ.

“ಪ್ರತಿ ವರ್ಷ ಹಡಗು ಮುಳುಗಿದ ದಿನ ದಡದಲ್ಲಿ ಸೇರ್ತೀವಿ” ಎಂದರು ಮಗಳು. “ ಸತ್ತೋರ ಮನೆಯೋರೂ, ನಾನೂ. ಎಲ್ಲರ ಹೆಸರು ಓದಿ ಕೊನೇಲಿ ಅಪ್ಪನ ಹೆಸರೂ ಓದ್ತಾರೆ. ಈ ಸಲ ಬರಬೇಡಿ ಅಂದ್ರು.”

“ಯಾರಮ್ಮಾ ಹಾಗಂದಿದ್ದು?”

“ಯಾರಾದ್ರೇನು ತಾಯಿ. ನಿಮ್ಮ ವೆಬ್‌ಸೈಟು ಮುಖಕ್ಕೆ ಹಿಡಿದು ತೋರಿಸಿದ್ರು. ಇಷ್ಟು ವರ್ಷ ಮನಸ್ಸಲ್ಲಿ ಏನಿತ್ತೋ, ಬಾಯಿಬಿಟ್ಟು ಆಡಿದೋರಲ್ಲ. ಈಗ ದೊಡ್ಡೋರೇ ಬರೆದಿದಾರಲ್ಲ ಅಂತಾರೆ.” ಸೆರಗಿನಿಂದ ಕತ್ತು ಒರೆಸಿಕೊಂಡರು. “ಗಾಳಿ ಮನೆಗೆ ಹೋಗಿ ಬೈಯೋಕಾಗುತ್ತಾ? ಅಪ್ಪನ್ನ ಬೈಯೋಕಾದ್ರೆ ನಾನಿದ್ದೀನಿ.”

ಸಂಪಾದಕಿ ವರದಿಯನ್ನು ಮತ್ತೊಮ್ಮೆ ಓದಿದಳು. ಅವರೆದುರಿಗೇ ಹಡಗನ್ನು ಬಿರುಗಾಳಿಯ ಗುಂಪಿಗೆ ಸೇರಿಸಿದಳು.

“ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಅವರು ಮೆಟ್ಟಿಲಿಳಿದರು.

ಮರುದಿನ ಮಧ್ಯಾಹ್ನ, ಊಟದ ಡಬ್ಬಿ ತೆರೆಯುವಷ್ಟರಲ್ಲಿ ಫೋನ್ ಬಂತು. ಆ ಹಡಗಿನಲ್ಲಿ ತಂಗಿಯನ್ನು ಕಳೆದುಕೊಂಡವನು.

“ನಿನ್ನೆ ಕಪ್ತಾನನ ತಪ್ಪು, ಇವತ್ತು ಬಿರುಗಾಳಿ. ನಾಳೆ ನನ್ನ ತಂಗೀನೇ ಹಡಗಿಗೆ ತೂತು ಕೊರೆದ್ಲು ಅಂತೀರೇನ್ರೀ?”

“ಸರ್, ವರದೀಲಿ ಎರಡೂ ಇದೆ.”

“ಹಂಗಾದ್ರೆ ಮೊದಲು ಯಾಕ್ರೀ ಅದೊಂದೇ ಹಾಕಿದ್ರಿ?”

ಪತ್ರಿಕೆಯವರನ್ನು ಕರೆದುಕೊಂಡೇ ಬರುತ್ತೇನೆಂದು ಅವನು ಫೋನಿಟ್ಟ.

ಮುಖ್ಯಸ್ಥರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

“ಎರಡೂ ಗುಂಪಲ್ಲಿ ಹಾಕ್ತೀನಿ ಸರ್. ನಿಯಮ ಮಾಡಿದ್ದು ನಾನೇ, ಮುರೀತೀನಿ.”

“ಒಂದು ಕಡೆ ಬೈಸ್ಕೊಂಡಿದ್ದು ಸಾಲದು, ಎರಡೂ ಕಡೆ ಬೈಸ್ಕೋಬೇಕಾ? ಮೆನುವಿಂದ ತೆಗೆದುಬಿಡು.”

“ಆ ಪುಟದಲ್ಲಿ ಸತ್ತೋರೆಲ್ಲರ ಹೆಸರಿದೆ ಸರ್.”

“ಪುಟ ಅಳಿಸು ಅಂದ್ನಾ? ಅದರ ಪಾಡಿಗೆ ಅದಿರಲಿ, ಅಲ್ಲಿಗೆ ಹೋಗೋ ದಾರಿ ಮುಚ್ಚು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು.”

ಸಂಜೆಯೊಳಗೆ ಅವಳು ತೆಗೆದಳು. ಪತ್ರಿಕೆಯವರು ಬರಲಿಲ್ಲ. ಎರಡು ದಿನ ಬಿಟ್ಟು ಕಪ್ತಾನನ ಮಗಳು ಫೋನ್ ಮಾಡಿದರು.

“ತಾಯಿ, ಬಿರುಗಾಳೀಲೂ ಕಾಣ್ತಿಲ್ಲ. ಬರಬೇಡಿ ಅಂದೋರಿಗೆ ತೋರಿಸೋಣ ಅಂತಿದ್ದೆ.”

“ನಮ್ಮ ಸಾಹೇಬ್ರು ತೆಗೆಸಿಬಿಟ್ರಮ್ಮಾ.”

“ಹೆಸರುಗಳು?”

“ಇದಾವೆ. ಒಳಗೆಲ್ಲೋ ಇದಾವೆ.”

ಅವರು ಫೋನಿಟ್ಟರು.

ಆ ವರ್ಷವೂ ದಡದಲ್ಲಿ ಹೆಸರುಗಳನ್ನು ಓದಿದರು. ಕಪ್ತಾನನ ಹೆಸರು ಓದಲಿಲ್ಲ. ಮಗಳು ಬಂದಿದ್ದರು, ಹಡಗಿನ ಟಿಕೆಟ್ ಕೋಣೆಯ ಗೋಡೆಯ ಪಕ್ಕ ನಿಂತು ಕೇಳಿದರು. ಮುಗಿದ ಮೇಲೆ ಎಲ್ಲರೂ ಊರಿನ ಬಸ್ಸು ಹತ್ತಿದರು. ಕಪ್ತಾನನ ಮಗಳು ಮುಂದಿನ ಬಸ್ಸಿಗೆ ಕಾದರು.